ಎಲೆ ಮುಗಿಯುವ ತನಕ

ಶೋರ್ವಾ, ಅಂದರೆ ಮಾಂಸದ ಸಾರು, ಹದಕ್ಕೆ ಬಂತೋ ಇಲ್ಲವೋ ಎಂದು ನೋಡಲು ನಮ್ಮ ಹಾಜ್ರಾ ಆಪಾ ನಾಲಿಗೆಯನ್ನು ನಂಬುತ್ತಿರಲಿಲ್ಲ. ಒಂದು ಹನಿಯನ್ನು ತುಟಿಗೆ ಸವರಿಕೊಂಡು, ಎರಡೂ ತುಟಿ ಒತ್ತಿ ಹಿಡಿದು, ನಿಧಾನವಾಗಿ ಬಿಡಿಸುತ್ತಿದ್ದಳು. ಅಂಟಿಕೊಂಡಿದ್ದರೆ ಎಲುಬಿನ ಸತ್ವವೆಲ್ಲ ನೀರಿಗಿಳಿದಿದೆ ಎಂದರ್ಥ. ಅಂಟದಿದ್ದರೆ ಮತ್ತೆ ಮುಚ್ಚಳ.

ಆಪಾ ನನ್ನ ಅಕ್ಕ. ಅಮ್ಮಾ ತೀರಿಕೊಂಡ ಮೇಲೆ ನನ್ನನ್ನು ಸಾಕಿದವಳು. ನಿಪ್ಪಾಣಿಯ ನಮ್ಮ ಓಣಿಯಲ್ಲಿ ಬೀಡಿ ಕಟ್ಟುತ್ತಿದ್ದಳು. ಎಮ್ಮೆ ಮಾಂಸವನ್ನು ಎಲುಬಿನ ಸಮೇತ ಒಲೆಗೇರಿಸಿ, ಮೊರವನ್ನು ತೊಡೆಯ ಮೇಲಿಟ್ಟು ಕೂತರೆ, ಅದರಲ್ಲಿನ ಬೀಡಿ ಎಲೆ ಮುಗಿಯುವ ತನಕ ಏಳುತ್ತಿರಲಿಲ್ಲ. ಅದೇ ಅವಳ ಗಡಿಯಾರ. ಎಲೆ ಅರ್ಧವಾದಾಗ ಗಜ್ಜರಿ, ನವಲಕೋಲು. ಇನ್ನಷ್ಟು ಇಳಿದಾಗ ಬಟಾಟೆ. ಕೊನೆಯ ಹಿಡಿ ಉಳಿದಾಗ ಟೊಮೆಟೊ, ಮೆಂತ್ಯದ ಸೊಪ್ಪು. ಒಂದೊಂದನ್ನೂ ಮಾತಾಡಿಸಿಯೇ ಒಳಗೆ ಬಿಡುತ್ತಿದ್ದಳು.

“ಗಜ್ಜರಿಬಾಯಿ, ನೀ ಮೊದಲ ಬಾ ಬೇ, ನಿನ್ನ ಸೊಕ್ಕ ಮುರಿಯಾಕ ಹೊತ್ತ ಹಿಡಿತೈತಿ. ಬಟಾಟೆಪ್ಪಾ, ನೀ ಕುಂದರಲೇ, ಇಷ್ಟ ಗಡಿಬಿಡಿ ಯಾಕ, ನಮ್ಮ ಸಲೀಮನ ಹಂಗ?”

ಸಲೀಮ ಎಂದರೆ ನಾನು. ಒಂದು ಕಡೆ ಕೂರುವುದು ನನ್ನಿಂದ ಆಗುವುದಿಲ್ಲ. ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟದ್ದೂ ಅದಕ್ಕೇ, ಮಾಲು ಸಾಗಿಸುವ ಟೆಂಪೋ ಹತ್ತಿದ್ದೂ ಅದಕ್ಕೇ. ಚಿಕ್ಕವನಿದ್ದಾಗ ಪದೇ ಪದೇ ಮುಚ್ಚಳ ತೆಗೆದು ನೋಡುತ್ತಿದ್ದೆ. ಆಪಾ ಸೌಟಿನಿಂದ ಬೆರಳಿಗೆ ಕುಟ್ಟಿ, “ಕೈ ಸುಮ್ಮನಿರಾಕ ಒಲ್ಲೆ ಅಂದ್ರ ಬೀಡಿ ಕಟ್ಟಲೇ” ಎಂದು ಎಲೆ ಕೊಟ್ಟಳು. ನಾನು ಕಟ್ಟಿದ ಬೀಡಿಯಿಂದ ತಂಬಾಕೆಲ್ಲ ಉದುರಿತು. ಅದನ್ನು ಓಣಿಗೆಲ್ಲ ತೋರಿಸಿ, “ನೋಡ್ರಿ, ನನ್ನ ತಮ್ಮ ಪೀಪಿ ಮಾಡ್ಯಾನ!” ಎಂದು ನಕ್ಕಳು.

ಹೋದ ವರ್ಷ ಅವಳ ಎದೆಯಲ್ಲಿ ನೀರು ತುಂಬಿತು. ಇನ್ನು ಮನೆಯಲ್ಲೇ ಇರಲಿ, ಕೇಳಿದ್ದು ಕೊಡಿ ಎಂದು ಡಾಕ್ಟರರು ಕಳಿಸಿದರು. ಅವಳು ಏನನ್ನೂ ಕೇಳಲಿಲ್ಲ. ಕೊಟ್ಟದ್ದನ್ನು ಉಣ್ಣಲೂ ಇಲ್ಲ. ಆ ಕೋಣೆಯಲ್ಲಿ ನನಗೆ ನಿಲ್ಲಲಾಗುತ್ತಿರಲಿಲ್ಲ. ಒಳಗೆ ಬರುವುದು, ಹೊರಗೆ ಹೋಗಿ ಗಾಡಿ ಒರೆಸುವುದು. ಒಂದು ಬೆಳಿಗ್ಗೆ ಅವಳೇ ಕರೆದಳು.

“ಲೇ ಸಲೀಮ, ಒಂದೀಟ ಶೋರ್ವಾ ಮಾಡ್ತಿಯೇನ? ಶಬಾನಾಗ ಹಚ್ಚಬ್ಯಾಡ. ನೀನ ಮಾಡು.”

ಶಬಾನಾ ನನ್ನ ಹೆಂಡತಿ. ಮಾಂಸ, ತರಕಾರಿ ತಂದೆ.

“ಎಷ್ಟೊತ್ತ ಕುದಿಸ್ಲಿ ಆಪಾ?”

“ಎಲಿ ಮುಗಿಯೂ ಮಟಾ.”

ಮನೆಗೆ ಎಲೆ ಬರುವುದು ಯಾವಾಗಲೋ ನಿಂತಿತ್ತು. ಖಾಲಿ ಮೊರ ಗೋಡೆಯ ಮೇಲಿತ್ತು.

ಒಲೆಯ ಮುಂದೆ ಕೂತೆ, ಎದ್ದೆ, ಮತ್ತೆ ಕೂತೆ. ಅಷ್ಟರಲ್ಲಿ ಕಾಗವಾಡದಿಂದ ಫೋನು ಬಂತು, ಮಾಲು ತಯಾರಿದೆ ಎಂದು. ಆಮೇಲೆ ಬರುತ್ತೇನೆ ಎನ್ನಬಹುದಿತ್ತು. ಅನ್ನಲಿಲ್ಲ. ನಿಜ ಹೇಳಬೇಕೆಂದರೆ, ಹೊರಗೆ ಹೋಗಲು ನೆಪ ಸಿಕ್ಕಿತೆಂದು ಹಗುರಾದೆ. ಪಾತ್ರೆಯಲ್ಲಿದ್ದದ್ದನ್ನು ಕುಕ್ಕರಿಗೆ ಸುರಿದು, ತರಕಾರಿಯನ್ನೆಲ್ಲ ಒಮ್ಮೆಲೇ ಹಾಕಿ ಉರಿ ಏರಿಸಿದೆ. ಒಂದೇ ಸೀಟಿಗೆ ಇಳಿಸಿ, ಮುಚ್ಚಳದ ಮೇಲೆ ತಣ್ಣೀರು ಹೊಯ್ದೆ.

“ಯಾರ ಮನ್ಯಾಗ ಸೀಟಿ ಹೊಡಿತಲೇ?” ಕೋಣೆಯಿಂದ ಆಪಾ ಕೇಳಿದಳು.

“ಬಾಜೂ ಮನ್ಯಾಗ” ಎಂದೆ.

ಬಟ್ಟಲು ಒಯ್ದು ಚಮಚದಿಂದ ಕುಡಿಸಿದೆ. ಅವಳು ತುಟಿ ಒತ್ತಿ ಹಿಡಿದಳು. ಬಿಟ್ಟಳು. ತುಟಿಗಳು ನೀರಿನಲ್ಲಿ ತೊಯ್ದಂತೆ ಸರಕ್ಕನೆ ಬಿಟ್ಟುಕೊಂಡವು. ನಾನು ನೋಡುತ್ತಿದ್ದುದನ್ನು ಅವಳೂ ನೋಡಿದಳು.

“ಅಂಟ್ಯಾವ ನೋಡು” ಎಂದಳು. “ಹೋಗಪಾ, ಗಾಡಿ ನಿಂತೈತಿ.”

ಹೋದೆ. ಅಥಣಿ ದಾರಿಯಲ್ಲಿದ್ದಾಗ ಶಬಾನಾಳ ಫೋನು ಬಂತು. ಮಾಲು ಇಳಿಸದೆ ಗಾಡಿ ತಿರುಗಿಸಿದೆ. ಮನೆ ಮುಟ್ಟಿದಾಗ ಆಪಾನ ಮುಖಕ್ಕೆ ಬಟ್ಟೆ ಹೊದಿಸಿದ್ದರು. ಮಂಚದ ಕೆಳಗಿನ ತಾಟಿನಲ್ಲಿ, ಅಗಿದು ಅಗಿದು ನುಂಗಲಾಗದ ಮಾಂಸದ ಚೂರುಗಳು ಒಂದು ಬದಿಗಿದ್ದವು.

“ತಾಟ ತೆಗೀಲೇನ್ರಿ ಅಂದೆ. ಬ್ಯಾಡ, ನನ್ನ ತಮ್ಮ ಮಾಡ್ಯಾನ ಅಂದ್ರು” ಎಂದಳು ಶಬಾನಾ.

ಈಗ ಪ್ರತಿ ಶುಕ್ರವಾರ, ಜುಮ್ಮಾದ ದಿನ, ನಾನೇ ಶೋರ್ವಾ ಮಾಡುತ್ತೇನೆ. ಕೂರಲು ಇನ್ನೂ ಬರುವುದಿಲ್ಲ; ಒಲೆಗೂ ಬಾಗಿಲಿಗೂ ಅಲೆಯುತ್ತೇನೆ, ಆದರೆ ಹೊಸ್ತಿಲು ದಾಟುವುದಿಲ್ಲ. ಮೊನ್ನೆ ತುಟಿ ಅಂಟಿದವು. ಆಪಾಗೆ ಹೇಳಬೇಕೆಂದು ಕೋಣೆಯ ಕಡೆ ತಿರುಗಿದೆ. ಮಂಚದ ಮೇಲೆ ನನ್ನ ಗಾಡಿಯ ಮಾಲಿಗೆ ಹೊದಿಸುವ ತಾಡಪತ್ರಿ ಮಡಚಿಟ್ಟಿತ್ತು.