ನೀರಿನ ಮೇಲೆ ಎಲ್ಲರೂ ಕೈಬೀಸುತ್ತಾರೆ

ಲೋರ್ನ್ ಪಿಕಾರ್ಡ್ ಅವರನ್ನು ನಾನು ಮೊದಲು ನೋಡಿದ್ದು ಅಕ್ಟೋಬರಿನ ಒಂದು ಬೆಳಿಗ್ಗೆ, ಒಂಟಾರಿಯೊದ ನಮ್ಮ ಸರೋವರದ ದೋಣಿಕಟ್ಟೆಯಲ್ಲಿ. ಬೇಸಿಗೆ ಕಳೆಯಲು ಬಂದವರೆಲ್ಲ ತಮ್ಮ ಮನೆಗಳಿಗೆ ಬೀಗ ಹಾಕಿ ಪಟ್ಟಣ ಸೇರಿದ್ದರು. ಅಲ್ಲಿ ಕೆಲಸಕ್ಕಿದ್ದ ನಾನು ದೋಣಿಗಳಿಗೆ ಪೆಟ್ರೋಲ್ ಹಾಕುವ ಪಂಪಿಗೆ ಚಳಿಗಾಲದ ಹೊದಿಕೆ ಸುತ್ತುತ್ತಿದ್ದಾಗ ಅಲ್ಯೂಮಿನಿಯಂ ದೋಣಿಯೊಂದು ಬಂದು ನಿಂತಿತು. ಅದರಲ್ಲಿದ್ದವರು ಕೆಂಪು ಚೌಕಳಿಯ ಉಣ್ಣೆ ಅಂಗಿ ತೊಟ್ಟಿದ್ದರು. ಅದರ ಒಂದು ಗುಂಡಿಯನ್ನು ಕಪ್ಪು ದಾರದಲ್ಲಿ ಒರಟಾಗಿ ಹೊಲಿಯಲಾಗಿತ್ತು. ಟ್ಯಾಂಕಿನ ಮುಚ್ಚಳ ತೆಗೆದೆ. ಪೆಟ್ರೋಲ್ ಕಂಠದವರೆಗೂ ಇತ್ತು.

“ತುಂಬಿದೆಯಲ್ಲ?”

“ಇನ್ನೊಂಚೂರು ಹಿಡಿಯುತ್ತೇನೋ ಅಂತ ಬಂದೆ,” ಎಂದರು. ಆಮೇಲೆ ಗಾಳಿ, ಚಳಿ ಎಂದು ಮಾತಾಡುತ್ತ ಬಹಳ ಹೊತ್ತು ನಿಂತರು.

ಸಡ್ಬರಿಯ ಗಣಿಯಲ್ಲಿ ದುಡಿದು ನಿವೃತ್ತರಾದವರು. ನೀರಿನ ದಡದಲ್ಲಿರಬೇಕೆಂಬ ಹೆಂಡತಿ ವರ್ನಾ ಅವರ ಆಸೆಗೆ ಇಲ್ಲಿ ಮನೆ ಕೊಂಡರು. ಮೊದಲ ಚಳಿಗಾಲದಲ್ಲೇ ವರ್ನಾ ತೀರಿಹೋದರು. ನಾನು ಇದೇ ಊರಿನ ಹಾಲಿನ ಫಾರ್ಮಿನಲ್ಲಿ ಬೆಳೆದವಳು. ನಮ್ಮವರು ಹೊಸಬರನ್ನು ಅಷ್ಟು ಬೇಗ ಊಟಕ್ಕೆ ಕರೆಯುವುದಿಲ್ಲ.

ಮರುವರ್ಷ ಜುಲೈನಲ್ಲಿ ಅವರ ಹಳೆಯ ಗಣಿ ಗೆಳೆಯ ಗಾರ್ನೆಟ್ ಮತ್ತು ಆತನ ಹೆಂಡತಿ ಡೊರೀನ್ ಬಂದರು. ದೋಣಿಯಲ್ಲಿ ದ್ವೀಪಗಳ ಹಳೆಯ ಬೇಸಿಗೆ ಮನೆಗಳನ್ನು ನೋಡಿಬರುವುದೆಂದಾಯಿತು. ದೋಣಿ ಕಟ್ಟುವಾಗ ಹಗ್ಗ ಹಿಡಿಯಲು ನನ್ನನ್ನೂ ಕರೆದರು. ಹಿಂದಿನ ದಿನ ಲೋರ್ನ್ ನನಗೊಂದು ಮಾತು ಹೇಳಿದ್ದರು.

“ಗಾರ್ನೆಟ್ ಮನೇಲಿ ಕೆಳಗಿನ ರೂಮು ಖಾಲಿ ಇದೆಯಂತೆ ಮರಿ. ಕರೆದ್ರೆ ಹೊರಟುಬಿಡ್ತೀನಿ. ನಾನಾಗಿ ಕೇಳೋಕೆ ಬಾಯಿ ಬರಲ್ಲ.”

ನೂರು ವರ್ಷ ದಾಟಿದ ಮರದ ಮನೆಗಳು, ಅಗಲವಾದ ಜಗಲಿಗಳು, ನೀರಿಗೆ ಬಾಗಿಲು ತೆರೆದ ದೋಣಿಮನೆಗಳು. ಜಗಲಿಯಲ್ಲಿ ಕುಳಿತವರು ಕೈಬೀಸಿದರು. ಎದುರು ಬಂದ ದೋಣಿಯವರೂ ಬೀಸಿದರು. ನಮ್ಮ ಸರೋವರದಲ್ಲಿ ಅದೇ ರೂಢಿ. ದೋಣಿಯಲ್ಲಿ ಯಾರೇ ಇರಲಿ, ಕೈಬೀಸಲೇಬೇಕು. ದಡ ಹತ್ತಿದ ಮೇಲೆ ಅದೇ ಜನ ಗುರುತು ಹಿಡಿಯುವುದಿಲ್ಲ.

“ಅಯ್ಯಪ್ಪಾ! ಏನೋ ಲೋರ್ನ್, ಎಲೆಕ್ಷನ್ನಿಗೆ ನಿಂತಿದ್ದೀಯಾ?” ಎಂದರು ಡೊರೀನ್.

ಗಾರ್ನೆಟ್ ನಕ್ಕರು. “ಪಾಪ ಒಬ್ಬನೇ ಕೊರಗ್ತಿರ್ತಾನೆ ಅಂತ ದಾರಿಯುದ್ದಕ್ಕೂ ನನ್ನ ತಲೆ ತಿಂದೆಯಲ್ಲೇ! ನೋಡು, ಇವನಿಗೆ ನಮಗಿಂತ ಜಾಸ್ತಿ ನೆಂಟರು!”

ನಾನು ಬಾಯಿ ತೆರೆದೆ. ಲೋರ್ನ್ ನನ್ನತ್ತ ನೋಡಿ ಬೇಡವೆಂದು ತಲೆ ಅಲ್ಲಾಡಿಸಿದರು. ಮುಂದಿನ ಜಗಲಿ ಬಂದಾಗ ಅವರೇ ಮೊದಲು ಕೈಯೆತ್ತಿ, “ಹೇಗಿದ್ದೀರಿ?” ಎಂದು ಕೂಗಿದರು. ಬಿಳಿ ಟೋಪಿಯ ಹೆಂಗಸೊಬ್ಬರು ನಗುತ್ತ ಕೈಬೀಸಿದರು. ಅವರು ಯಾರೆಂದು ನಮ್ಮಿಬ್ಬರಿಗೂ ಗೊತ್ತಿರಲಿಲ್ಲ.

ದ್ವೀಪದ ಬಂಡೆಯ ಮೇಲೆ ಕುಳಿತು ಮೊಟ್ಟೆ ಸ್ಯಾಂಡ್‌ವಿಚ್ ತಿನ್ನುವಾಗ ಡೊರೀನ್ ಹೇಳಿದರು:

“ನಿಜ ಹೇಳ್ಲಾ? ನಿನ್ನನ್ನ ನಮ್ಮನೆಗೇ ಕರ್ಕೊಂಡು ಹೋಗೋಣ ಅಂತ ಬಂದಿದ್ವಿ. ಇಷ್ಟು ಜನರನ್ನ ಬಿಡಿಸಿ ಕರ್ಕೊಂಡು ಹೋದ್ರೆ ಪಾಪ ತಟ್ಟುತ್ತೆ. ರೂಮನ್ನ ನನ್ನ ತಂಗಿ ಮಗ ಕೇಳ್ತಿದ್ದಾನೆ. ಅವನಿಗೇ ಕೊಟ್ಟುಬಿಡ್ತೀವಿ.”

ಲೋರ್ನ್ ಸ್ಯಾಂಡ್‌ವಿಚ್ಚಿನ ಅಂಚನ್ನು ಹರಿದು ಸೀಗಲ್ ಹಕ್ಕಿಗೆ ಎಸೆದರು.

“ಕೊಡಿ, ಕೊಡಿ. ಹುಡುಗನಿಗೆ ಅನುಕೂಲ ಆಗುತ್ತೆ. ನನಗೇನು ಕಮ್ಮಿ ಇಲ್ಲಿ?”

ಸಂಜೆ ಗೆಳೆಯರ ಕಾರು ಹೊರಟಿತು. ಲೋರ್ನ್ ಬಹಳ ಹೊತ್ತು ದೋಣಿಯೊಳಗೆ ಸೇರಿದ ನೀರನ್ನು ಮೊಗೆದು ಹಾಕುತ್ತಿದ್ದರು, ಅದರಲ್ಲಿ ಅಷ್ಟು ನೀರಿರಲಿಲ್ಲ. “ಯಾಕೆ ನಿಜ ಹೇಳ್ಲಿಲ್ಲ?” ಎಂದು ಕೇಳಿದೆ.

“ಎಷ್ಟು ಖುಷಿಪಟ್ರು ನೋಡಿದ್ಯಲ್ಲ,” ಎಂದರು.

ಲೋರ್ನ್ ಈಗಲೂ ಅದೇ ಮನೆಯಲ್ಲಿದ್ದಾರೆ. ಚಳಿಗಾಲದಲ್ಲಿ ಹೆಪ್ಪುಗಟ್ಟಿದ ಸರೋವರದ ಮೇಲೆ ನಡೆದುಹೋಗಿ, ಬೀಗ ಹಾಕಿದ ಆ ಹಳೆಯ ಮನೆಗಳು ಭಾರಕ್ಕೆ ಕುಸಿಯದಂತೆ ಮಾಡಿನಿಂದ ಹಿಮ ಎಳೆದುಹಾಕುವ ಕೆಲಸ ಮಾಡುತ್ತಾರೆ.