ಅಣ್ಣನ ಮುಖ

ಸೊಲ್ಲಾಪುರ ರಸ್ತೆಯ ತನ್ನ ಅಂಗಡಿಯಲ್ಲಿ ಸಿದ್ದಲಿಂಗೇಶ ಇಪ್ಪತ್ತಾರು ವರ್ಷ ಸುಟ್ಟ ಪಂಪ್ ಮೋಟಾರುಗಳಿಗೆ ತಂತಿ ಸುತ್ತಿದವನು. ಕಡ್ಡಿಯಂಥ ಆಳು. ನಲವತ್ತೆಂಟಕ್ಕೆ ಪಾರ್ಕಿನ್ಸನ್ ಬಂತು. ಮೊದಲು ಬಲಗೈ ನಡುಗಿತು, ಆಮೇಲೆ ಎಡಗೈ, ಆಮೇಲೆ ಗದ್ದ. ಐದು ವರ್ಷ ಕಳೆಯುವಷ್ಟರಲ್ಲಿ ಹೆಂಡತಿ ಶೈಲಶ್ರೀ ತುತ್ತು ಮಾಡಿ ಉಣ್ಣಿಸಬೇಕಾಯಿತು. ಗುಳಿಗೆಗಳು ಕೈಕೊಟ್ಟಾಗ ಬೆಂಗಳೂರಿನಲ್ಲಿ ಆಪರೇಷನ್ ಆಯಿತು. ಮಿದುಳಿನೊಳಗೆ ಎರಡು ಸಣ್ಣ ತಂತಿ ಇಳಿಸಿ, ಎದೆಯ ಚರ್ಮದಡಿ ಬ್ಯಾಟರಿ ಇಟ್ಟರು. ಯಂತ್ರ ಚಾಲೂ ಆದ ದಿನ ಅವನು ತುಂಬಿದ ಚಹಾದ ಕಪ್ಪನ್ನು ಹನಿ ಚೆಲ್ಲದೆ ಎತ್ತಿ ಕುಡಿದ. ಶೈಲಶ್ರೀ ಅತ್ತುಬಿಟ್ಟಳು.

ಆಮೇಲೆ ಹಸಿವು ಶುರುವಾಯಿತು. ಎರಡು ರೊಟ್ಟಿ ಐದಾದವು. ಎಂದೂ ಸಿಹಿ ಮುಟ್ಟದವನು ಡಬ್ಬಿಯಿಂದ ಬೆಲ್ಲ ತೆಗೆದು ನಿಂತಲ್ಲೇ ತಿನ್ನತೊಡಗಿದ. ಹತ್ತು ತಿಂಗಳಲ್ಲಿ ಹದಿನೇಳು ಕಿಲೋ ಏರಿದ.

ಒಂದು ಮುಂಜಾನೆ ಗಡ್ಡ ಮಾಡಿಕೊಳ್ಳುತ್ತಿದ್ದವನು ಹಾಗೇ ನಿಂತುಬಿಟ್ಟ.

"ಶೈಲಾ, ಇಲ್ಲಿ ಬಾ. ಕನ್ನಡ್ಯಾಗ ಯಾರದಾರ ನೋಡು."

ಅವಳು ನೋಡಿ ಒಂದು ಹೆಜ್ಜೆ ಹಿಂದೆ ಸರಿದಳು. ಅದು ಗುರಲಿಂಗಪ್ಪನ ಮುಖ. ಸಿದ್ದಲಿಂಗೇಶನ ಅಣ್ಣ, ಬಬಲೇಶ್ವರದಲ್ಲಿ ಕಿರಾಣಿ ಅಂಗಡಿ ಇಟ್ಟಿದ್ದ ದಪ್ಪ ಆಳು, ಬೆಲ್ಲ ಅಂದರೆ ಪ್ರಾಣ. ಎದೆನೋವಿನಿಂದ ತೀರಿ ಏಳು ವರ್ಷವಾಗಿತ್ತು.

ಬೆಂಗಳೂರಿಗೆ ಹೋದಾಗ ಡಾಕ್ಟರು ಸಮಾಧಾನ ಹೇಳಿದರು. "ಈ ಆಪರೇಷನ್ ಆದಮೇಲೆ ಅನೇಕರ ತೂಕ ಏರುತ್ತೆ. ನಡುಗೋ ಮೈ ತಿಂದಿದ್ದನ್ನೆಲ್ಲ ಸುಟ್ಟುಹಾಕ್ತಿತ್ತು. ಈಗ ನಡುಕ ಇಲ್ಲ, ಹಸಿವೂ ಹೆಚ್ಚಿರಬಹುದು. ಅಣ್ಣತಮ್ಮಂದಿರ ಹೋಲಿಕೆ, ಅಷ್ಟೇ."

ಪರೀಕ್ಷೆಗೆಂದು ಯಂತ್ರವನ್ನು ಕೆಲವು ನಿಮಿಷ ನಿಲ್ಲಿಸಿದರು. ಬೆರಳುಗಳು ಮೆಲ್ಲಗೆ ಅಲುಗಿದವು, ನಂತರ ಇಡೀ ಕೈ ನಡುಗಿತು. ಸಿದ್ದಲಿಂಗೇಶ ಅದನ್ನೇ ನೋಡುತ್ತ, "ಇಂವ ನಾನ್ರಿ" ಎಂದ. ಗದ್ದ ಬಿಗಿದು ಮುಂದಿನ ಮಾತು ಹೊರಡಲಿಲ್ಲ. ಶೈಲಶ್ರೀಯೇ ಕೂಗಿಕೊಂಡಳು, "ಚಾಲೂ ಮಾಡ್ರಿ!"

ಊರಿಗೆ ಮರಳಿ ಅವನು ಊಟ ಕಡಿಮೆ ಮಾಡಿದ, ದಿನವೂ ನಡೆದ, ಅಂಗಡಿ ತೆರೆದ. ಆರು ಕಿಲೋ ಇಳಿಯಿತು. ಅಣ್ಣನ ಮುಖ ಮಾತ್ರ ಹೋಗಲಿಲ್ಲ.

ಅಷ್ಟು ದಿನ ಮುಂದೂಡುತ್ತ ಬಂದವನು ಕೊನೆಗೂ ಹುಟ್ಟೂರು ನಿಡೋಣಿಗೆ ಹೋದ. ತಾಯಿ ರಾಚವ್ವ, ಅಣ್ಣನ ಹೆಂಡತಿ ಕಾಶಿಬಾಯಿ ಅಲ್ಲಿದ್ದರು. ಅಂಗಳದಲ್ಲಿ ಮೊರ ಹಿಡಿದು ಜೋಳ ಹಸನು ಮಾಡುತ್ತಿದ್ದ ಕಾಶಿಬಾಯಿ ತಲೆಯೆತ್ತಿದವಳೇ ಸೆರಗು ಹೊದ್ದು ಎದ್ದು ನಿಂತಳು.

"ಭಾಳ ಹೊತ್ತು ಮಾಡಿದ್ರಲ್ಲಾ?"

"ವೈನಿ, ನಾನ್ರಿ, ಸಿದ್ಲಿಂಗ."

ಅವಳ ಕೈಯಿಂದ ಮೊರ ಜಾರಿತು. ಒಳಗೆ ಹೋದವಳು ಹೊರಗೆ ಬರಲಿಲ್ಲ.

ರಾಚವ್ವನ ಕಣ್ಣು ಹೋಗಿದ್ದವು, ನೆನಪು ಮಾತ್ರ ಗಟ್ಟಿ. ಹಿರಿಮಗನ ಮಣ್ಣಿಗೆ ನಿಂತವಳು ಅವಳು. ಎದುರು ಕೂತವನ ಕೆನ್ನೆ, ಕುತ್ತಿಗೆ ತಡವಿದಳು. ಮತ್ತೊಮ್ಮೆ ತಡವಿದಳು.

"ಗುರಲಿಂಗಾ, ಬಂದಿಯೇನೋ ಯಪ್ಪಾ? ತಮ್ಮನ ಕಡೆ ಹೋಗಿದ್ದೇನು? ಅವನ ಕೈ ನಡಗೂದು ನಿಂತೈತೇನು?"

ಸಿದ್ದಲಿಂಗೇಶ ಬಾಯಿ ತೆರೆದ. ಒಳಕೋಣೆಯಲ್ಲಿ ಬಳೆಯ ಸದ್ದು ತಟ್ಟನೆ ನಿಂತಿತು.

"ನಿಂತೈತಿ ಬೇ," ಎಂದ.