ಎಡಚನನ್ನು ಬಿಡಬೇಕೆಂದ ಉಮ್ಮರಾಕ

ಅಮೆರಿಕದ ಬೇಸ್‌ಬಾಲ್ ಆಟವನ್ನು ಕತಾರಿನ ವೀಸಾ ಭಾಷೆಯಲ್ಲಿ ವಿವರಿಸಬಲ್ಲ ಮನುಷ್ಯ ನಾನು ಕಂಡಂತೆ ಒಬ್ಬರೇ. ನಮ್ಮ ಕಂಪನಿಯ ವ್ಯಾನು ಓಡಿಸುತ್ತಿದ್ದ ಉಮ್ಮರಾಕ. ಒಂದು ತಂಡ ತನ್ನ ಆಟಗಾರನನ್ನು ಇನ್ನೊಂದು ತಂಡಕ್ಕೆ ಕೊಟ್ಟಿತೆಂದರೆ, ಇಲ್ಲಿ ನಾವೆಲ್ಲ ಯಜಮಾನನನ್ನು ಬದಲಾಯಿಸಿದಂತೆ, “ಅವನದ್ದು ಕಫೀಲ್ ಚೇಂಜ್ ಆಯ್ತು” ಎನ್ನುವರು. ಕರಾರು ಮುಗಿದು ಯಾವ ತಂಡಕ್ಕಾದರೂ ಹೋಗಬಹುದಾದವನು “ಫ್ರೀ ವೀಸಾದವ.” ಕೆಳದರ್ಜೆಯ ತಂಡದಿಂದ ನಾಲ್ಕು ದಿನದ ಮಟ್ಟಿಗೆ ಮೇಲಕ್ಕೆ ಕರೆಸಿಕೊಂಡವನು “ವಿಸಿಟ್ ವೀಸಾ.” ತಂಡದ ಮ್ಯಾನೇಜರ್ “ಮುದೀರ್.” ಮನೆಗೆ ಕಳಿಸಿಬಿಟ್ಟರೆ, ಸ್ಟಿಯರಿಂಗಿನ ಮೇಲಿಂದ ಒಂದು ಕೈ ಎತ್ತಿ, “ಖಲಾಸ್. ಎಕ್ಸಿಟ್.”

ಅರವತ್ತು ದಾಟಿದ್ದರು. ಉಳ್ಳಾಲದ ಕಡೆಯವರು. ಒಣಗಿದ ಮೈ, ಇಸ್ತ್ರಿ ಕೆಡದ ಅಂಗಿ, ಯಾವತ್ತೂ ಬರೆಯದಿದ್ದರೂ ಜೇಬಿನಲ್ಲಿ ಒಂದು ಪೆನ್ನು. ಕಂಪನಿ ರೂಮಿನಲ್ಲಿ ಅವರೊಟ್ಟಿಗೆ ಐದು ಮಂದಿ ಇದ್ದರು, ಐವರೂ ಕ್ರಿಕೆಟ್ಟಿನವರು. ಐವರೂ ಒಂದು ಮೊಬೈಲಿನ ಸುತ್ತ ಕುಳಿತು ಕೂಗುವಾಗ ಇವರು ಮಂಚದ ಮೂಲೆಯಲ್ಲಿ ಗೋಡೆಗೆ ಮುಖ ಮಾಡಿ ತಮ್ಮ ಮೊಬೈಲನ್ನು ನೋಡುತ್ತಿದ್ದರಂತೆ. ಒಬ್ಬರೇ ನಕ್ಕದ್ದನ್ನು, ಒಬ್ಬರೇ ಬೈದದ್ದನ್ನು ಕೇಳಿ ರೂಮಿನವರು ಮೊದಲು ಹೆದರಿದರು, ಆಮೇಲೆ ತಮಾಷೆ ಮಾಡಿದರು, ಕೊನೆಗೆ ಬಿಟ್ಟುಬಿಟ್ಟರು. ಬಿಟ್ಟುಬಿಟ್ಟದ್ದೇ ಹೆಚ್ಚು ಬೇಸರ ಎಂದು ಉಮ್ಮರಾಕ ನನ್ನಲ್ಲಿ ಒಮ್ಮೆ ಹೇಳಿದ್ದುಂಟು.

ಈ ಆಟ ಅವರಿಗೆ ಅಂಟಿದ್ದು ಡೇವಿಡ್ ಸಾಹೇಬರಿಂದ. ಡೇವಿಡ್ ಸಾಹೇಬರೆಂದರೆ ನಮ್ಮ ಕಂಪನಿಯ ಹಳೆಯ ಅಮೆರಿಕನ್ ಎಂಜಿನಿಯರು. ಅವರ ಕೆಲಸ ಇದ್ದದ್ದು ಉತ್ತರದ ಅಲ್ ಶಮಾಲ್‌ನಲ್ಲಿ. ಬೆಳಿಗ್ಗೆ ಐದೂವರೆಗೆ ಅವರನ್ನು ವಿಲ್ಲಾದಿಂದ ಹತ್ತಿಸಿಕೊಂಡು ಹೊರಟರೆ ಒಂದೂಕಾಲು ಗಂಟೆ ನೇರ ರಸ್ತೆ, ಎರಡೂ ಕಡೆ ಬರೀ ಬೂದು ನೆಲ. ಅಮೆರಿಕದ ಪಶ್ಚಿಮ ಕರಾವಳಿಯಲ್ಲಿ ಸಂಜೆ ಆಟ ಶುರುವಾದರೆ ಇಲ್ಲಿ ನಮಗೆ ಬೆಳಗಾಗುವ ಹೊತ್ತು. ಹಾಗಾಗಿ ಸಾಹೇಬರು ತಮ್ಮ ಊರಿನ ತಂಡದ ಆಟವನ್ನು ಕಾರಿನಲ್ಲೇ ಕೇಳುತ್ತಿದ್ದರು. ಕೇಳಿ ಕೇಳಿ ಡ್ರೈವರನಿಗೂ ತಲೆಗೆ ಹೋಯಿತು. “ಅವರದ್ದೂ ಕರಾವಳಿ, ನಮ್ಮದೂ ಕರಾವಳಿ ಶೆಟ್ರೇ, ಬೇರೆ ಟೀಮು ಹಿಡಿಲಿಕ್ಕೆ ಮನಸ್ಸು ಬರ್ತದಾ?” ಎಂದು ನನ್ನನ್ನೇ ಕೇಳುವರು.

ಆಟ ನಡೆಯುವುದು ಬೇಸಿಗೆಯಲ್ಲಿ. ನಮಗೆ ಇಲ್ಲಿ ಸ್ವಲ್ಪ ತಂಪಾಗಿ, ಕಾರ್ನಿಶ್ ದಂಡೆಯಲ್ಲಿ ಜನ ನಡೆಯಲು ಶುರುಮಾಡುವ ಹೊತ್ತಿಗೆ ಅಲ್ಲಿ ಆಟ ನಿಂತಿರುತ್ತದೆ. ಆಮೇಲೆ ನಾಲ್ಕು ತಿಂಗಳು ಯಾರನ್ನು ಉಳಿಸಬೇಕು, ಯಾರನ್ನು ಕಳಿಸಬೇಕು, ಮುದೀರನಿಗೆ ಬುದ್ಧಿ ಉಂಟೋ ಇಲ್ಲವೋ ಎಂಬುದೇ ಆಟ. ಉಮ್ಮರಾಕನಿಗೆ ನಿಜವಾದ ಆಟ ಇದೇ. “ಮೈದಾನದಲ್ಲಿ ಆಡುವಾಗ ಯಾರು ಬೇಕಾದ್ರೂ ನೋಡ್ತಾರೆ. ಏನೂ ಇಲ್ಲದಾಗ ಟೀಮಿನ ಬಗ್ಗೆ ತಲೆಬಿಸಿ ಮಾಡ್ತಾನಲ್ಲ, ಅವನೇ ಟೀಮಿನವ.”

ಮೊದಲ ಚಳಿಗಾಲದಲ್ಲಿ ಸಾಹೇಬರು ಒಬ್ಬರೇ ಮಾತಾಡುತ್ತಿದ್ದರಂತೆ. ಇವರು ಎಲ್ಲದಕ್ಕೂ “ಯಸ್ ಸಾರ್.” ಒಂದು ದಿನ ಸಾಹೇಬರಿಗೆ ತಾಳ್ಮೆ ತಪ್ಪಿತು. “ಉಮ್ಮರ್, ನೀನು ಒಪ್ಪಿದ ಕೂಡಲೇ ಮಾತು ಸಾಯುತ್ತದೆ. ಇವತ್ತಿನಿಂದ ಈ ಕಾರಿನೊಳಗೆ ನಾನು ಹೇಳಿದ್ದು ತಪ್ಪೆಂದು ಹೇಳುವುದೇ ನಿನ್ನ ಡ್ಯೂಟಿ” ಎಂದರು. ಉಮ್ಮರಾಕ ಇದನ್ನು ಹೇಳುವಾಗ ಪ್ರತಿ ಸಲವೂ ದನಿ ತಗ್ಗಿಸುತ್ತಿದ್ದರು. “ಹತ್ತು ವರ್ಷ ಯಸ್ ಸಾರ್ ಹೇಳಿದ ಬಾಯಿ ಶೆಟ್ರೇ. ನೋ ಅನ್ನಲಿಕ್ಕೆ ನಾಲಿಗೆ ತಿರುಗಲಿಲ್ಲ. ಎರಡು ದಿನ ಬರೀ ಕೆಮ್ಮಿದೆ.”

ಮೂರನೇ ದಿನ ಸಾಹೇಬರು, ತಂಡಕ್ಕೆ ಜೋರಾಗಿ ಬ್ಯಾಟು ಬೀಸುವ ಇನ್ನೊಬ್ಬನನ್ನು ತರಬೇಕು ಎಂದರಂತೆ. ಇವರು ಕಣ್ಣು ಮುಚ್ಚಿ (“ಅಲ್ಲ, ರೋಡು ನೋಡ್ತಾ ಇದ್ದೆ, ಆದ್ರೂ ಮುಚ್ಚಿದ ಹಾಗೇ”) ಹೇಳಿಯೇಬಿಟ್ಟರು: “ನೋ ಸಾರ್. ಬೀಸುವವರು ಮೂರು ಜನ ಉಂಟು. ಓಡುವವ ಯಾರು?” ಸಾಹೇಬರು ಡ್ಯಾಶ್‌ಬೋರ್ಡಿಗೆ ಎರಡೂ ಕೈಯಿಂದ ಬಡಿದು ನಕ್ಕರಂತೆ. ಆ ದಿನದಿಂದ ಹನ್ನೊಂದು ವರ್ಷ ಅಲ್ ಶಮಾಲ್ ರಸ್ತೆಯಲ್ಲಿ ಹೋಗುತ್ತ ಒಂದು ಜಗಳ, ಬರುತ್ತ ಒಂದು ಜಗಳ. ಕಾರಿನಿಂದ ಇಳಿದ ಮೇಲೆ ಮತ್ತೆ ಯಸ್ ಸಾರ್.

ಸಾಹೇಬರು ನಿವೃತ್ತರಾಗಿ ಹೋಗುವಾಗ ಇವರನ್ನು ತಮ್ಮ ತಂಡದ ಅಭಿಮಾನಿಗಳ ಒಂದು ಮೊಬೈಲ್ ಗುಂಪಿಗೆ ಸೇರಿಸಿ ಹೋದರು. ಅಲ್ಲಿದ್ದವರು ಮುದೀರನನ್ನು ಬಾಯಿಗೆ ಬಂದ ಹಾಗೆ ಬೈಯುವವರು. ಅವರ ನಡುವೆ ಉಮ್ಮರಾಕನ ಸಂದೇಶ ಬೀಳುತ್ತಿತ್ತು, ರಜೆಯ ಅರ್ಜಿಯಂತೆ: ಗೌರವಾನ್ವಿತ ಸರ್‌ಗಳೇ, ಶುಭೋದಯ, ಮುದೀರ್ ಸಾಹೇಬರ ನಿರ್ಧಾರ ತಪ್ಪು ಎಂದು ವಿನಯದಿಂದ ತಿಳಿಸಲು ಬಯಸುತ್ತೇನೆ, ತಮ್ಮ ವಿಧೇಯ. ಆ ಜನ ಮೊದಲು ಇದು ಕುಚೋದ್ಯವೆಂದು ತಿಳಿದು ಸಿಟ್ಟಾದರು. ಇವರು ಸಿಟ್ಟಿಗೂ “ಧನ್ಯವಾದ ಸರ್” ಎಂದು ಉತ್ತರಿಸಿದರು. ಆಮೇಲೆ ಪಾಪ ನಿಜವಾಗಿಯೂ ಹೀಗೇ ಎಂದು ಗೊತ್ತಾಗಿ ಮೆಚ್ಚಿದರು. ಆದರೆ ಮೆಚ್ಚಿದರು ಅಷ್ಟೆ, ಎದುರಾಡಲಿಲ್ಲ. ಇವರು ಏನು ಬರೆದರೂ ಹೆಬ್ಬೆರಳು, ನಗುವ ಮುಖ, ಹೂವು. “ಹೂವು ಕೊಡ್ಲಿಕ್ಕೆ ನಾನೇನು ಆಸ್ಪತ್ರೆಯಲ್ಲಿ ಮಲಗಿದ್ದೇನಾ?” ಎಂದು ನನ್ನಲ್ಲಿ ಗೊಣಗಿದ್ದರು. ಡೇವಿಡ್ ಸಾಹೇಬರ ಉತ್ತರಗಳೂ ವರ್ಷದಿಂದ ವರ್ಷಕ್ಕೆ ಗಿಡ್ಡವಾದವು. ಮತ್ತೆ ಅವರ ಮಗಳು ಬರೆದಳು, ಅಪ್ಪ ಈಗ ಆಟ ನೋಡುವುದಿಲ್ಲ ಎಂದು.

ನಾನು ಅವರ ವ್ಯಾನಿಗೆ ಬಂದದ್ದು ಆ ಹೊತ್ತಿಗೆ. ಮಗಳ ಕಾಲೇಜಿಗೆಂದು ಹೆಂಡತಿಯೂ ಮಗಳೂ ಮಂಗಳೂರಿಗೆ ಹೋಗಿ, ಅಲ್ ಸದ್ದ್‌ನ ಎರಡು ಕೋಣೆಯ ಫ್ಲ್ಯಾಟಿನಲ್ಲಿ ನಾನೊಬ್ಬನೇ ಉಳಿದೆ. ಕಾರು ಮಾರಿ ಕಂಪನಿ ವ್ಯಾನು ಹತ್ತಿದೆ. ಅಲ್ ಸದ್ದ್‌ನಿಂದ ವೆಸ್ಟ್ ಬೇಯ ಆಫೀಸಿಗೆ ಟ್ರಾಫಿಕ್ಕಿನಲ್ಲಿ ಅರ್ಧ ಗಂಟೆ. ಹಿಂದಿನ ಸೀಟಿನವರೆಲ್ಲ ನಿದ್ದೆ. ಮುಂದಿನ ಸೀಟು ಖಾಲಿ ಇತ್ತು, ಕುಳಿತೆ. ಎರಡನೇ ದಿನವೇ ಉಮ್ಮರಾಕ ಕೇಳಿದರು, “ಶೆಟ್ರೇ, ನಿಮಗೆ ಬೇಸ್‌ಬಾಲ್ ಗೊತ್ತುಂಟಾ?”

“ಇಲ್ಲ ಮಾರಾಯ್ರೆ.”

“ಒಳ್ಳೇದಾಯ್ತು. ಗೊತ್ತಿಲ್ಲದವರು ಧೈರ್ಯದಲ್ಲಿ ಮಾತಾಡ್ತಾರೆ.”

ಹಾಗೆ ಕಲಿತೆ. ಅಮೆರಿಕನ್ ಹೆಸರುಗಳು ನನ್ನ ನಾಲಿಗೆಗೆ ಹತ್ತದೆ ನಾವೇ ಹೆಸರಿಟ್ಟೆವು. ಉದ್ದ ಗಡ್ಡದವನು, ಮದ್ರಸದ ಗುರುಗಳ ಹಾಗೆ, ಮುಸ್ಲಿಯಾರ್. ಓಡುವಾಗ ಟೊಪ್ಪಿ ಬೀಳಿಸಿಕೊಳ್ಳುವವನು ಗಡಿಬಿಡಿ. ಎಡಗೈಯಲ್ಲಿ ಚೆಂಡೆಸೆಯುವ, ತಂಡದಲ್ಲೇ ತಲೆ ನರೆತ ಹಿರಿಯ, ಎಡಚ. ನಾನು ಏನು ಹೇಳಿದರೂ ಉಮ್ಮರಾಕ “ತಪ್ಪು ಶೆಟ್ರೇ!” ಎನ್ನುವರು. ಫ್ಲ್ಯಾಟಿನಲ್ಲಿ ಸಂಜೆಯಿಂದ ಬೆಳಗಿನವರೆಗೆ ನನ್ನ ದನಿ ನನಗೇ ಕೇಳದೆ ಇರುತ್ತಿದ್ದ ಆ ದಿನಗಳಲ್ಲಿ, ಬೆಳಿಗ್ಗೆ ನನ್ನ ಕಿವಿಗೆ ಬೀಳುವ ಮೊದಲ ಮನುಷ್ಯನ ಮಾತು ಅದೇ. ಅದನ್ನು ಕೇಳಲೆಂದೇ ನಾನು ಎಷ್ಟೋ ಸಲ ತಪ್ಪು ಮಾತಾಡಿದ್ದೇನೆ. ಒಮ್ಮೆ ಮಾತ್ರ ತಲೆನೋವೆಂದು “ಹೌದು, ನೀವು ಹೇಳಿದ್ದು ಸರಿ” ಎಂದುಬಿಟ್ಟೆ. ಆ ದಿನ ವೆಸ್ಟ್ ಬೇಯವರೆಗೂ ಮಾತಿಲ್ಲ. ಇಳಿಯುವಾಗ ಹೇಳಿದರು: “ಶೆಟ್ರೇ, ಹುಷಾರಿಲ್ಲದಿದ್ರೆ ರಜೆ ಹಾಕಿ. ಒಪ್ಪಬೇಡಿ.”

ಹೋದ ಚಳಿಗಾಲದಲ್ಲಿ ಜಗಳವೆಲ್ಲ ಎಡಚನ ಮೇಲೆ. ಭುಜಕ್ಕೆ ಆಪರೇಷನ್ ಆಗಿತ್ತು, ಎಸೆತದ ವೇಗ ಇಳಿದಿತ್ತು. ಇನ್ನೊಂದು ವರ್ಷ ಇಟ್ಟುಕೊಳ್ಳಬೇಕೆಂದು ನಾನು. ಎಷ್ಟು ವರ್ಷ ದುಡಿದಿದ್ದಾನೆ, ಚಿಕ್ಕವರಿಗೆ ಹೇಳಿಕೊಡಲಿಕ್ಕಾದರೂ ಬೇಕಲ್ಲ ಎಂದು ನನ್ನ ವಾದ. ಉಮ್ಮರಾಕ ತಳ್ಳಿಹಾಕುತ್ತಿದ್ದರು.

“ತಪ್ಪು. ಕೈ ಹೋಯ್ತು ಅಂದ್ಮೇಲೆ ಬಿಡಬೇಕು. ಪ್ರೀತಿಗೆ ಇಟ್ಕೊಂಡ್ರೆ ಬೆಂಚಲ್ಲಿ ಕೂತು ನೀರು ಕುಡಿತಾನೆ, ಅಷ್ಟೆ. ಅದು ಮರ್ಯಾದಿಯಾ?”

ಇದು ನಡೆಯುತ್ತಿದ್ದಾಗಲೇ ಆಫೀಸಿನಲ್ಲಿ ನನ್ನ ಮೇಜಿಗೆ ಒಂದು ಪಟ್ಟಿ ಬಂತು. ನಾನು ಇರುವುದು ಸಿಬ್ಬಂದಿ ವಿಭಾಗದಲ್ಲಿ. ಅರವತ್ತು ದಾಟಿದ ಡ್ರೈವರುಗಳನ್ನು ಬಿಡುವುದು, ವ್ಯಾನುಗಳನ್ನು ಹೊರಗಿನ ಗುತ್ತಿಗೆಗೆ ಕೊಡುವುದು. ಏಳು ಹೆಸರು. ಟೈಪು ಮಾಡಿದ್ದು ನಾನೇ, ನಾಲ್ಕನೆಯದು ಉಮ್ಮರಾಕನದು. ಪತ್ರಕ್ಕೆ ಸಹಿ ಬೀಳುವವರೆಗೆ ಯಾರಲ್ಲೂ ಬಾಯಿ ಬಿಡಬಾರದು ಎಂದು ಮೇಲಿನವರ ಅಪ್ಪಣೆ. ಸಹಿ ಬೀಳಲು ಐದು ವಾರ ಹಿಡಿಯಿತು.

ಆ ಐದು ವಾರವೂ ನಾನು ಮುಂದಿನ ಸೀಟಿನಲ್ಲೇ ಕುಳಿತೆ. ಹಿಂದೆ ಕುಳಿತರೆ ಅನುಮಾನ ಬರುತ್ತದಲ್ಲ! ಎಡಚನನ್ನು ಇಟ್ಟುಕೊಳ್ಳಬೇಕೆಂದು ಮೊದಲಿಗಿಂತ ಜೋರಾಗಿ ವಾದಿಸಿದೆ. ಉಮ್ಮರಾಕನ ಮಾತು ಮಾತ್ರ ಸ್ವಲ್ಪ ಬೇರೆ ದಾರಿ ಹಿಡಿಯಿತು. ಬಿಡುವುದೋ ಇಡುವುದೋ ಎಂಬುದನ್ನು ಬದಿಗಿಟ್ಟು, ಹೇಗೆ ಬಿಡಬೇಕು ಎಂಬುದರ ಬೆನ್ನು ಹತ್ತಿದರು.

“ಶೆಟ್ರೇ, ಮುದೀರ್ ಎಡಚನನ್ನು ಕರೆದು ಹೇಳಬೇಕಾ ಬೇಡವಾ?”

“ಹೇಳ್ತಾರೆ ಬಿಡಿ, ಸಮಯ ಬಂದಾಗ.”

“ಸಮಯ ಬಂದಾಗ ಪೇಪರಿನವ ಹೇಳ್ತಾನೆ. ಮುದೀರ್ ಮೊದಲೇ ಹೇಳಬೇಕು. ಪರಿಚಯದವ ಹೇಳಬೇಕು. ಎದುರು ಕೂತು, ಮುಖ ನೋಡಿ.”

“ಅವರಿಗೂ ಕಷ್ಟ ಇರ್ತದಲ್ಲ ಉಮ್ಮರಾಕ. ರೂಲ್ಸು ಅಂತ ಇರ್ತದೆ.”

ಸಿಗ್ನಲ್ಲಿನಲ್ಲಿ ಗಾಡಿ ನಿಂತಿತ್ತು. ಅವರು ನನ್ನ ಕಡೆ ತಿರುಗಿ ನೋಡಿದರು. ಅಂಥ ಹೊತ್ತಿನಲ್ಲಿ ಬರಬೇಕಾದ “ತಪ್ಪು ಶೆಟ್ರೇ” ಬರಲಿಲ್ಲ. ಹಸಿರು ಬಿತ್ತು. ಇದಾದ ಮೇಲೂ ಎರಡು ಮೂರು ಬೆಳಿಗ್ಗೆ ಅದೇ ಮಾತನ್ನು ತೆಗೆದರು, ಒಮ್ಮೆ ನಗುತ್ತ, ಒಮ್ಮೆ ಬಹಳ ಮೆತ್ತಗೆ. ನಾನು ಪ್ರತಿ ಸಲವೂ ಎಡಚನ ಭುಜದ ಬಗ್ಗೆ, ಹೊಸ ಡಾಕ್ಟರರ ಬಗ್ಗೆ ಮಾತಾಡಿ ಆಫೀಸು ಮುಟ್ಟಿದೆ.

ಪತ್ರ ಕೊಡುವ ದಿನ ಏಳು ಮಂದಿಯನ್ನೂ ಒಟ್ಟಿಗೆ ಕರೆಸಿದರು. ಸಹಿ ಹಾಕಿಸಿಕೊಳ್ಳುವ ಕೆಲಸ ನನಗೇ ಬಂತು. ಉಮ್ಮರಾಕ ಕೊನೆಗೆ ಬಂದು ಕುಳಿತರು. ಜೇಬಿನ ಪೆನ್ನು ತೆಗೆದರು, ಅದು ಬರೆಯಲಿಲ್ಲ, ನನ್ನ ಪೆನ್ನು ಕೊಟ್ಟೆ. ಸಹಿಯಾದ ಮೇಲೆ ನನಗೆ ತಡೆಯಲಾಗಲಿಲ್ಲ.

“ಉಮ್ಮರಾಕ, ನನಗೆ ಮೊದಲೇ ಗೊತ್ತಿತ್ತು.”

“ನಿಮಗೆ ಗೊತ್ತುಂಟು ಅಂತ ನನಗೂ ಗೊತ್ತಿತ್ತು ಶೆಟ್ರೇ” ಎಂದರು. ಸರ್ಕಾರಿ ಕಚೇರಿಗಳಿಗೆ ಓಡಾಡುವ ನಮ್ಮ ಮಂದೂಬ್ ಆ ಸಲ ಐಡಿ ಕಾರ್ಡ್ ನವೀಕರಿಸಲು ಅವರ ಫೋಟೋ ಕೇಳಿರಲಿಲ್ಲವಂತೆ. ಮೂವತ್ತೊಂದು ವರ್ಷದಲ್ಲಿ ಮೊದಲ ಸಲ. ಅಷ್ಟು ಸಾಕಾಗಿತ್ತು ಅವರಿಗೆ. ಪಟ್ಟಿ ಯಾರ ಮೇಜಿನಲ್ಲಿ ಇರುತ್ತದೆಂದು ಕಂಪನಿಯಲ್ಲಿ ಯಾರಿಗೆ ತಿಳಿಯದು?

“ಎಷ್ಟು ಬಾಲ್ ಹಾಕಿದೆ ನಿಮಗೆ” ಎಂದರು ಮತ್ತೆ, ಬೈಗುಳವಲ್ಲದ ದನಿಯಲ್ಲಿ. “ಮೆಲ್ಲ ಮೆಲ್ಲ ಹಾಕಿದೆ, ಹೊಡಿಲಿಕ್ಕೆ ಆಗುವ ಹಾಗೆ. ಒಂದಕ್ಕೂ ಬ್ಯಾಟು ಎತ್ತಲಿಲ್ಲ ನೀವು.”

ನನ್ನ ಕೈ ಹಿಡಿದು ಕುಲುಕಿದರು. ಬಾಗಿಲಿನ ಹತ್ತಿರ ನಿಂತು, ಎಲ್ಲ ಸಾಹೇಬರಿಗೂ ಹೇಳುವಂತೆ, “ಬರ್ತೇನೆ ಸಾರ್” ಎಂದರು. ವಾರದೊಳಗೆ ಹೋದರು. ನಾನು ವಿಮಾನ ನಿಲ್ದಾಣಕ್ಕೆ ಬರುತ್ತೇನೆಂದರೆ, ರೂಮಿನ ಹುಡುಗರು ಇದ್ದಾರೆ, ನಿಮಗೆ ಸುಮ್ಮನೆ ತೊಂದರೆ ಎಂದರು.

ಈಗ ವ್ಯಾನು ಓಡಿಸುವವನು ನೇಪಾಳದವನು, ಒಳ್ಳೆಯ ಮನುಷ್ಯ, ಮಾತಿಲ್ಲ. ನಾನು ಹಿಂದಿನ ಸೀಟಿಗೆ ಹೋಗಿದ್ದೇನೆ.

ತಿಂಗಳು ಕಳೆದು ಅಮೆರಿಕದ ತಂಡ ಗಡಿಬಿಡಿಯನ್ನು ಬೇರೆ ತಂಡಕ್ಕೆ ಕೊಟ್ಟಿತು. ಉಮ್ಮರಾಕನಿಗೆ ಇಡೀ ತಂಡದಲ್ಲಿ ಅತಿ ಪ್ರೀತಿಯ ಹುಡುಗ ಅವನು, ಇನ್ನೂ ಹತ್ತು ವರ್ಷ ಓಡಬಲ್ಲ ಕಾಲು. ಸುದ್ದಿ ಓದಿದವನೇ ಆಫೀಸಿನ ಮೆಟ್ಟಿಲ ಹತ್ತಿರ ನಿಂತು ಉಳ್ಳಾಲಕ್ಕೆ ಫೋನು ಮಾಡಿದೆ. ಅವರೇ ಎತ್ತಿದರು. ಹಿಂದೆ ಮೊಮ್ಮಕ್ಕಳ ಗಲಾಟೆ ಕೇಳುತ್ತಿತ್ತು.

“ಉಮ್ಮರಾಕ, ಗಡಿಬಿಡಿಯ ಕಫೀಲ್ ಚೇಂಜ್ ಆಯ್ತು. ನನ್ನನ್ನು ಕೇಳಿದ್ರೆ ಮುದೀರ್ ಮಾಡಿದ್ದು ಸರಿ. ಅವನೊಬ್ಬ ದಂಡಪಿಂಡ, ಹೋಗಲಿ.”

ಬೇಕೆಂದೇ ಹೇಳಿದ್ದೆ. ಫೋನನ್ನು ಕಿವಿಗೆ ಒತ್ತಿ ಹಿಡಿದು ಕಾದೆ.

“ಹೌದು ಶೆಟ್ರೇ” ಎಂದರು ಉಮ್ಮರಾಕ. “ನೀವು ಹೇಳಿದ್ದು ಸರಿ. ಮತ್ತೆ? ಊಟ ಆಯ್ತಾ?”